ಪದಕದ ಅಂಚು

ಭಾನುವಾರ, ಹದಿನಾಲ್ಕನೇ ತಾರೀಖು

ಮಗಳೇ,

ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತುಬಿಟ್ಟೆ. ಕಾಲೇಜಿನಲ್ಲಿ ಕಲಿಸಿದ್ದರಲ್ಲ, 'ದಿ ಡಿಲೇ ಈಸ್ ಡೀಪ್ಲಿ' ಏನೋ ಅಂತ, ಅದೇ. ಮುಂದಿನ ಪದ ಮರೆತಿದೆ. ಮಂಡಿನೋವು ಹಾಗೇ ಇದೆ. ಒಲೆಯ ಮೇಲಿನ ಹಾಲು ದಿನಾ ಉಕ್ಕುತ್ತದೆ, ಬೈಯಲು ನಿನ್ನಮ್ಮ ಇಲ್ಲ.

ನೀನು ಹೇಳಿದಂತೆ ನಿನ್ನ ತಾತನ ಮೂರು ಪದಕಗಳನ್ನೂ ನೌಕಾ ಮ್ಯೂಸಿಯಮ್ಮಿಗೆ ಒಯ್ದೆ. ಅಲ್ಲಿಯ ಗುಮಾಸ್ತ ಭೂತಗನ್ನಡಿ ಹಿಡಿದು ನೋಡಿದ. 'ಎರಡು ಸರಿ ಇವೆ ಯಜಮಾನ್ರೇ, ಸರ್ವಿಸ್ ಮಾಡ್ದೋರಿಗೆಲ್ಲ ಕೊಡೋವು. ಅಂಚಲ್ಲಿ ನಿಮ್ಮ ಮಾವನ ಹೆಸರಿದೆ. ಈ ಶೌರ್ಯ ಪದಕದ್ದೇ ಅನುಮಾನ. ಮುಖ ಹೊಸದರ ಹಾಗಿದೆ, ಅಂಚು ಮಾತ್ರ ಸವೆದಿದೆ. ಯಾರು ತೊಳೀತಿದ್ರು?'

'ನನ್ನ ಹೆಂಡತಿ. ವಾರಕ್ಕೊಂದ್ಸಲ, ಬೂದಿ ಹಾಕಿ.'

'ತೊಳೆದಿಲ್ಲ, ಅಳಿಸಿದಾರೆ' ಅಂದ. ಎಸ್, ಟಿ, ಓ ಅಂತ ಮೂರಕ್ಷರ ಉಳಿದಿವೆಯಂತೆ.

ಪೂರ್ತಿ ಪದ ನನಗೆ ಗೊತ್ತು. ಮದುವೆಯ ಹೊಸದರಲ್ಲಿ ನಾವು ತಾತನ ಮನೆಯಲ್ಲೇ ಇದ್ದೆವು. ಒಂದು ದಿನ ಊಟದ ಹೊತ್ತಿಗೆ, ಇಂಗ್ಲಿಷ್ ತೋರಿಸುವ ಚಟಕ್ಕೆ, ಅದನ್ನು ಗಟ್ಟಿಯಾಗಿ ಓದಿದ್ದೆ: ಸ್ಟೋಕರ್. ಬಾಯ್ಲರಿಗೆ ಕಲ್ಲಿದ್ದಲು ಒಟ್ಟುವವನು. 'ಮಾವ, ನೀವು ಬಾವುಟ ತೋರಿಸೋ ಸಿಗ್ನಲ್‌ನೋರಲ್ವಾ? ಹೆಸರೂ ಬೇರೆ ಇದೆ' ಅಂದೆ. ತಾತ ತಟ್ಟೆಯಿಂದ ತಲೆಯೆತ್ತದೆ, 'ಅಳಿಯಂದಿರು ಇಂಗ್ಲಿಷಲ್ಲೇ ಎರಡು ಸಲ ಡುಮ್ಕಿ ಹೊಡೆದ್ರು ಅಂತ ಕೇಳಿದ್ದೆ, ಸುಳ್ಳಲ್ಲ' ಅಂದರು. ಮನೆಯೆಲ್ಲ ನಕ್ಕಿತು, ನಾನೂ ನಕ್ಕೆ. ನಿನ್ನಮ್ಮ ನಗಲಿಲ್ಲ. ಉಜ್ಜುವುದು ಶುರುವಾದದ್ದು ಮರುವಾರದಿಂದ.

'ನಿಮ್ಮ ಮಾವ ಇದ್ದ ಹಡಗಿನ ಕಡತ ಗೆದ್ದಲು ತಿಂದಿದೆ, ನಿಮ್ಮ ಮಾತೇ ಸಾಕ್ಷಿ' ಅಂತ ಗುಮಾಸ್ತ ಒಂದು ಹಾಳೆ ಮುಂದಿಟ್ಟ. ಪದಕ ಮಾವನದೇ ಎಂದು ನಾನು ಸಹಿ ಹಾಕಿದರೆ, ಉರಿಯುವ ಹಡಗಿನಿಂದ ಒಂಬತ್ತು ಜನರನ್ನು ಎಳೆದು ತಂದವರು ಎಂದು ಸ್ಮಾರಕದ ಗೋಡೆಯಲ್ಲಿ ತಾತನ ಹೆಸರು ಕೆತ್ತುತ್ತಾರೆ. ಅದರ ಅನಾವರಣದ ದಿನಕ್ಕೆ ನೀನು ರಜೆ ಹಾಕಿದ್ದೀಯ, ಹೊಸ ಸೀರೆಯನ್ನೂ ತೆಗೆದಿದ್ದೀಯ.

ಸಹಿ ಹಾಕಲಿಲ್ಲ ಮಗಳೇ. ಸ್ಟೋಕರನ ಕಡೆಯವರು ಯಾರಾದರೂ ಇದ್ದರೆ ಹುಡುಕಿ ಎಂದು ಪದಕ ಅಲ್ಲೇ ಬಿಟ್ಟು ಬಂದೆ. ಸಿಟ್ಟಾದರೆ ನನ್ನ ಮೇಲಾಗು, ನಿನ್ನಮ್ಮನ ಮೇಲೆ ಬೇಡ. ಅಪ್ಪನ ಮಾನ ಮುಚ್ಚಲು ಅವಳ ಹತ್ತಿರ ಇದ್ದದ್ದು ಒಂದು ಹಿಡಿ ಬೂದಿ.

ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ

ತಾ.ಕ.: ಗುಮಾಸ್ತನಿಗೆ ಹೇಳದ್ದು ಒಂದಿದೆ. ನೀನು ಹೊಟ್ಟೆಯಲ್ಲಿದ್ದಾಗ ಒಬ್ಬ ಹೆಂಗಸು ಮಡಿಕೆಯಲ್ಲಿ ಹರಿದ ಒಂದು ಕಾಗದ ಹಿಡಿದು ಬಾಗಿಲಿಗೆ ಬಂದಳು. 'ನಿಮ್ಮ ಮಾವನ ಹಡಗಲ್ಲೇ ಸ್ಟೋಕರ್ ಆಗಿದ್ರು ನಮ್ಮನೆಯೋರು. ಇದರಲ್ಲೇನಿದೆ ಓದಿ ಹೇಳಿ ಅಣ್ಣಾ, ನೀವು ಕಾಲೇಜಿಗೆ ಹೋದೋರಂತೆ' ಅಂದಳು. ಕಾಗದದಲ್ಲಿ, ನಿಮ್ಮ ಗಂಡ ಒಂಬತ್ತು ಜನರನ್ನು ಉಳಿಸಿ ಸತ್ತರು, ಅವರ ಪದಕವನ್ನು ನಿಮಗೆ ತಲುಪಿಸಲು ಅವರ ಜೊತೆಗಿದ್ದ ಸಿಗ್ನಲ್‌ನವರೊಬ್ಬರ ಕೈಗೆ ಕೊಟ್ಟಿದ್ದೇವೆ, ಎಂದಿತ್ತು. ಒಳಗೆ ತಾತ ಕೆಮ್ಮಿದರು. ನಾನು ಕಾಗದ ಮಡಿಚಿ ಕೊಟ್ಟು, 'ಸಂತಾಪ ಅಂತ ಬರೆದಿದಾರೆ ತಾಯಿ, ಬೇರೇನಿಲ್ಲ' ಅಂದೆ. ಅವಳು ಕೈಮುಗಿದು ಹೋದಳು. ಈ ಜನ್ಮದಲ್ಲಿ ನಾನು ಒಂದು ಪದವೂ ತಪ್ಪದೆ ಇಂಗ್ಲಿಷ್ ಓದಿದ್ದು ಅದೊಂದೇ ಸಲ.