ಜಾನೆಟ್ ನೆಡಿಸಿದ ಕಲ್ಲು

ಬ್ರಾಂಪ್ಟನ್,
ಜೂನ್ ೧೪

ಪ್ರೀತಿಯ ಎಲ್ಸ್‌ಪೆತ್,

ಹೊಟ್ಟೆಯಲ್ಲಿರುವ ಪುಟಾಣಿ ಒದೆಯುತ್ತಿದೆ ಎಂದು ಬರೆದಿದ್ದೀಯ. ಒದೆಯಲಿ ಬಿಡು, ಕ್ರೋಜಿಯರ್ ಮನೆತನದವರು ಸುಮ್ಮನೆ ಕೂತದ್ದು ಯಾವಾಗ? ಈಗ ಬರೆಯುತ್ತಿರುವುದನ್ನು ನಾನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ, ಅದಕ್ಕೇ ಪತ್ರ.

ಈಸ್ಟರ್ ಊಟದ ದಿನ ಅವರು ಆಡಿದ ಮಾತು ನನಗಿನ್ನೂ ಚುಚ್ಚುತ್ತದೆ. ಮದುವೆಯಾಗುವುದಿಲ್ಲ, ಮಗುವನ್ನು ಒಬ್ಬಳೇ ಸಾಕುತ್ತೇನೆ, ಅದಕ್ಕೆ ನನ್ನ ಮನೆತನದ ಹೆಸರೇ ಇರಲಿ ಎಂದು ನೀನು ಹೇಳಿದಾಗ, "ಹಾಗಾದ್ರೆ ನಮ್ಮ ಹೆಸರು ನಿನ್ನ ಹತ್ರಾನೇ ಮುಗೀತು ಬಿಡು. ತಾಯಿಯಿಂದ ಬಂದ ಹೆಸರೂ ಒಂದು ಹೆಸರಾ?" ಎಂದುಬಿಟ್ಟರು. ನೀನು ತಟ್ಟೆ ಹಾಗೇ ಬಿಟ್ಟು ಎದ್ದುಹೋದೆ. ಅಂದಿನಿಂದ ನಿಮ್ಮಿಬ್ಬರಿಗೂ ಮಾತಿಲ್ಲ.

ಅಡುಗೆಮನೆ ಗೋಡೆಯ ವಂಶವೃಕ್ಷ ನಿನಗೆ ಗೊತ್ತೇ ಇದೆ, ನಮ್ಮ ಮಾಂಸದಂಗಡಿ ಮುಚ್ಚಿದ ಮೇಲೆ ಉಳಿದ ಪೊಟ್ಟಣದ ಕಾಗದದ ಮೇಲೆ ಅವರು ಬರೆದದ್ದು. ಮೇಲ್ತುದಿಯಲ್ಲಿ ಐರ್ಲೆಂಡಿನ ಫರ್ಮಾನಾದಲ್ಲಿ ಮಲಗಿರುವ ಮೊದಲ ವಾಲ್ಟರ್ ಕ್ರೋಜಿಯರ್, ಕೆಳತುದಿಯಲ್ಲಿ ನೀನು. ಆ ವಾಲ್ಟರನ ಸಮಾಧಿಯ ಮೇಲೆ 'ಲಿಡ್ಸ್‌ಡೇಲಿನ ಆಡಮ್ ಟೆಲ್ಫರನ ಮಗ' ಎಂದಿದೆ. ಅಪ್ಪ ಟೆಲ್ಫರ್, ಮಗ ಕ್ರೋಜಿಯರ್! ಕಲ್ಲುಕುಟಿಗ ಕುಡಿದಿದ್ದ ಎಂದು ನಿಮ್ಮಪ್ಪ ತೀರ್ಮಾನಿಸಿದ್ದರು. ಪಕ್ಕದಲ್ಲೇ ಮಲಗಿರುವ ಜಾನೆಟ್ ಕ್ರೋಜಿಯರ್ ಎಂಬಾಕೆಯನ್ನು ಮದುವೆಯಾಗದ ಸೋದರತ್ತೆ ಎಂದು ಒಂದು ಒಣಕೊಂಬೆಯ ಮೇಲೆ ಕೂರಿಸಿದ್ದರು.

ಕಳೆದ ವಾರ ಹಠ ಹಿಡಿದು ಲಿಡ್ಸ್‌ಡೇಲಿಗೆ ಹೊರಟರು. ನಾನೂ ಹೋದೆ, ಸ್ಕಾಟ್ಲೆಂಡ್ ನನ್ನ ತವರು ತಾನೆ. ಗುಡ್ಡದ ಮೇಲಿನ ಸ್ಮಶಾನದಲ್ಲಿ, ಕುರಿಗಳ ನಡುವೆ, ಆಡಮ್ ಟೆಲ್ಫರ್ ಸಿಕ್ಕೇಬಿಟ್ಟ. ಪಾಪ, ಚಿಕ್ಕ ವಯಸ್ಸಿಗೇ ಹೋಗಿದ್ದಾನೆ. ಕೆಳಗೆ 'ಕಲ್ಲು ನೆಡಿಸಿದವಳು ಜಾನೆಟ್ ಕ್ರೋಜಿಯರ್' ಎಂದಿತ್ತು.

"ಇವಳ್ಯಾಕೆ ಇಲ್ಲೂ ಬಂದ್ಲು? ಯಾರೋ ಗಂಡಸಿಗೆ ಇವಳ್ಯಾಕೆ ಕಲ್ಲು ನೆಡಿಸ್ತಾಳೆ?" ಎಂದು ತಲೆ ಕೆರೆದುಕೊಂಡರು.

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಪೆದ್ದಪ್ಪಾ, ಅವಳು ಅವನ ಹೆಂಡ್ತಿ! ನಿಮ್ಮ ಇಂಗ್ಲೆಂಡಲ್ಲಿ ಹೆಂಡ್ತಿ ಹೆಸರು ಗಂಡನ ಹೆಸರಲ್ಲಿ ಕರಗಿಹೋಗುತ್ತೆ. ನಮ್ಮ ಕಡೆ ಹೆಂಗಸರು ಸತ್ರೂ ತವರಿನ ಹೆಸರಲ್ಲೇ ಮಲಗ್ತಿದ್ರು. ನಮ್ಮಜ್ಜಿ ಕಲ್ಲು ನೋಡಿಲ್ವಾ?" ಎಂದೆ.

ಗಂಡನನ್ನು ಮಣ್ಣುಮಾಡಿ, ಅವನಿಗೊಂದು ಕಲ್ಲು ನೆಡಿಸಿ, ಮಗ ವಾಲ್ಟರನನ್ನು ಕಟ್ಟಿಕೊಂಡು ಐರ್ಲೆಂಡಿಗೆ ಸಮುದ್ರ ದಾಟಿದ ಹೆಣ್ಣು! ಆ ಹೊಸ ಊರಲ್ಲಿ ಟೆಲ್ಫರ್ ಯಾರೆಂದು ಯಾರಿಗೆ ಗೊತ್ತು? ಜಾನೆಟ್ ಕ್ರೋಜಿಯರ್ ಮಗ ಎಂದೇ ಕರೆದಿರಬೇಕು, ಅದೇ ನಿಮ್ಮ ಮನೆತನದ ಹೆಸರಾಗಿ ನಿಂತಿರಬೇಕು. ಎಂಥ ಗಟ್ಟಿಗಿತ್ತಿ ನೋಡು. ನಾನಂತೂ ಆ ಕಲ್ಲನ್ನು ಸವರಿ ಬಂದೆ.

ನಿಮ್ಮಪ್ಪ ಸ್ಮಶಾನದ ಗೋಡೆಯ ಮೇಲೆ ಕೂತು ಬುತ್ತಿ ಬಿಚ್ಚಿದರು, ತಿನ್ನಲಿಲ್ಲ. ಅದನ್ನು ಮತ್ತೆ ಕಟ್ಟುತ್ತಾ, "ಈಸ್ಟರ್ ದಿನ ನಾನು ಅಂದಿದ್ದು ಅವಳಿಗೆ ನೆನಪಿರುತ್ತಾ?" ಎಂದು ಕೇಳಿದರು. "ಇರದೇ ಏನು? ಕ್ರೋಜಿಯರ್ ಅಲ್ವಾ!" ಎಂದೆ. "ತಪ್ಪಾಯ್ತು ಅಂತ ಬರಿ" ಎಂದರು. ಬರೆದಿದ್ದೇನೆ. ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಆದರೆ ಅಷ್ಟು ವರ್ಷ ನಂಬಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟ ಆ ಮನುಷ್ಯನ ಮೇಲೆ ನನಗೆ ಹೊಸದಾಗಿ ಪ್ರೀತಿ ಬಂದಿದೆ.

ನಿನ್ನ ಅಮ್ಮ,
ಈ ಒಂದು ಪತ್ರದ ಮಟ್ಟಿಗೆ ತವರಿನ ಹೆಸರಲ್ಲಿ, ಐಸೋಬೆಲ್ ಲೇಡ್ಲಾ

ತಾ.ಕ.: ಬೆಳಿಗ್ಗೆ ಎದ್ದು ನೋಡಿದರೆ ವಂಶವೃಕ್ಷ ಗೋಡೆಯ ಮೇಲಿರಲಿಲ್ಲ. ನಿಮ್ಮಪ್ಪ ಅದನ್ನು ನೆಲದ ಮೇಲೆ ಹಾಸಿಕೊಂಡು, ಜಾನೆಟ್‌ಳನ್ನು ಎಲ್ಲರಿಗಿಂತ ಮೇಲೆ ಬರೆದು, ನಿನ್ನ ಹೆಸರಿನ ಕೆಳಗೆ ಹೊಸ ಕಾಗದ ಅಂಟಿಸುತ್ತಿದ್ದರು. ಹೆಚ್ಚುಕಡಿಮೆ ನನ್ನೆತ್ತರದಷ್ಟು ಉದ್ದ. "ಒಂದು ಕೂಸಿಗೆ ಇಷ್ಟು ಜಾಗ ಯಾಕೆ?" ಎಂದೆ. "ಅದರ ಮೊಮ್ಮಕ್ಕಳು ಎಲ್ಲಿ ಕೂರ್ತಾರೆ?" ಎಂದು ನನ್ನ ಮೇಲೇ ರೇಗಿದರು.