ಮಂಚಗಳ ನಡುವಿನ ಸ್ಟೂಲು

ಮಾರ್ಚ್ ೩
ಅಂಗಡಿಯಲ್ಲಿ ಅದೇ ಕೆಲಸ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು. ಗಿರಾಕಿ ಇಲ್ಲದಾಗ ಯಾರದೋ ಜಾಸ್ತಿ ಪವರಿನ ಕನ್ನಡಕ ಹಾಕಿಕೊಂಡು ಬೀದಿ ನೋಡಿದೆ. ಎಲ್ಲ ಮಂಜು ಮಂಜು. ಎತ್ತರದವರೆಲ್ಲ ನನ್ನ ಲಂಬುವೇ. ಒಬ್ಬ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೆ... ಅವನೇ ಆಗಿರಲಿ ಎಂದು.
"ಏನಯ್ಯಾ ನೋಡ್ತಿದೀಯ?" ಮಾಲೀಕರು.
"ಪವರ್ ಚೆಕ್ ಮಾಡ್ತಿದೀನಿ ಸಾರ್."

ಮಾರ್ಚ್ ೪
ಲಂಬು ಹೋದಮೇಲೆ ಅಂಗಡಿಯಲ್ಲಿ ಕೂರಲಾಗದೆ ಮಾಲೀಕರ ಹತ್ತಿರ ರಜೆ ಕೇಳಿದೆ. "ರೂಮ್‌ಮೇಟ್ ತಾನೆ? ಇನ್ನೊಬ್ಬ ಸಿಗ್ತಾನೆ ಬಿಡು" ಎಂದರು. ಪಾಪ, ನಾವು ಹೇಳಿಕೊಂಡು ಬಂದದ್ದನ್ನೇ ನಂಬಿದ್ದಾರೆ. ಜೀವ ತೆಗೆದುಕೊಂಡವನ ಜೊತೆಗಿದ್ದವನು ಎಂದು ಮೆಟ್ಟಿಲಲ್ಲಿ ಎದುರಾದವರು ಮುಖ ತಿರುಗಿಸುತ್ತಾರೆ. ಅಂತ್ಯಕ್ರಿಯೆಯಲ್ಲಿ ಅವನ ಭಾವ "ನೀವು ಸ್ವಲ್ಪ ಹಿಂದೆ ನಿಲ್ಲಿ" ಎಂದ. ನಿಂತೆ. ಅಳುವುದಕ್ಕೂ ವರಸೆ ಬೇಕು. ಲಂಬುವಿನ ಮೇಲೂ ಸಿಟ್ಟು — ನನಗೊಂದು ಮಾತು ಹೇಳಬಾರದಿತ್ತೇ?

ಮಾರ್ಚ್ ೧೧
ಅವನ ಅಮ್ಮ ಫೋನ್ ಮಾಡಿದ್ದರು. ಬಟ್ಟೆಬರೆ ತೆಗೆದುಕೊಂಡು ಹೋಗಲು ನಾಳೆ ಬರುತ್ತಾರಂತೆ.
ಫೋನ್ ಇಟ್ಟವನೇ ಮಂಚ ಎಳೆದೆ. ಎರಡು ಒಂಟಿ ಮಂಚ. ನಾವಿಬ್ಬರೇ ಇದ್ದಾಗ ಸೇರಿಸಿರುತ್ತಿದ್ದೆವು. ಯಾರಾದರೂ ಬರುತ್ತಾರೆಂದರೆ ದೂರ ಎಳೆದು, ನಡುವೆ ಸ್ಟೂಲು ಇಡುವುದು. "ಗಡಿ ಭದ್ರವಾಗಿದೆ ಸಾರ್" ಎಂದು ಸೆಲ್ಯೂಟ್ ಹೊಡೆಯುತ್ತಿದ್ದ, ಕೋತಿ. ಸ್ಟೂಲು ಇಟ್ಟ ಮೇಲೆ ಹೊಳೆಯಿತು — ಈಗ ಯಾರನ್ನು ಉಳಿಸುವುದಕ್ಕೆ?
ಮತ್ತೆ ಸೇರಿಸಲು ಕೈ ಬರಲಿಲ್ಲ.

ಮಾರ್ಚ್ ೧೨, ಸಂಜೆ
ಅಮ್ಮ ಬಂದರು. ಅವನ ಅಂಗಿಗಳನ್ನು ಮಡಿಚಿದರು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದರು. ನೋಡಲಾಗಲಿಲ್ಲ.
"ಅಮ್ಮಾ, ನಾನು ಬರೀ ರೂಮ್‌ಮೇಟ್ ಅಲ್ಲ."
ಬಾಯಿಂದ ಬಂದೇಬಿಟ್ಟಿತು.
"ಗೊತ್ತು ಕಣಪ್ಪಾ. ಹೋದ ವರ್ಷವೇ ಹೇಳಿದ್ದ. ನಾನೇ ಆಣೆ ಹಾಕಿಸ್ಕೊಂಡೆ, ನಾನಿರೋ ತನಕ ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂತ. ನನಗೆ ಗೊತ್ತು ಅಂತ ನಿನಗೂ ಹೇಳ್ಬೇಡ ಅಂದೆ."
ಸ್ಟೂಲಿನ ಮೇಲೆ ಕುಸಿದರು.
ಹೋದ ವರ್ಷ. ಅಂದರೆ ಆಮೇಲೂ ಅಮ್ಮ ಬಂದಾಗಲೆಲ್ಲ ನನ್ನ ಜೊತೆ ಮಂಚ ಎಳೆದಿದ್ದಾನೆ, ನಗುತ್ತಾ. ಅವನು ಹೋದದ್ದಕ್ಕೆ ಆ ಆಣೆಯೊಂದೇ ಕಾರಣವೋ ಅಲ್ಲವೋ, ಯಾರಿಗೆ ಗೊತ್ತು. ಅಮ್ಮನ ಮೇಲೆ ಕೂಗಾಡಬೇಕು ಅನ್ನಿಸಿತು. ಆ ಮುಖ ನೋಡಿ ಆಗಲಿಲ್ಲ.
"ಅವನ ಬಗ್ಗೆ ಏನಾದ್ರೂ ಹೇಳು" ಎಂದರು. "ನನಗೆ ಗೊತ್ತಿಲ್ಲದ್ದು."
"ನಿದ್ದೇಲಿ ನಗ್ತಿದ್ದ."
ನಿನಗೆ ಹೇಗೆ ಗೊತ್ತು ಎಂದು ಅಮ್ಮ ಕೇಳಲಿಲ್ಲ.
"ಮಗುವಾಗಿದ್ದಾಗ್ಲೂ ಹಾಗೇ. ನಾನು ಎಬ್ಬಿಸ್ತಿರ್ಲಿಲ್ಲ. ನೀನು?"
"ಇಲ್ಲ ಅಮ್ಮಾ" ಎಂದೆ. "ನಾನೂ ಸುಮ್ನೆ ನೋಡ್ತಾ..."