ಕತ್ತರಿಸಿದ ಸಾಕ್ಷಿ

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಮತ್ತೆ ವಿಡಿಯೋ ಎಕ್ಸ್‌ಪೋರ್ಟ್ ಅರ್ಧಕ್ಕೇ ನಿಂತಿತು. ಬ್ರಹ್ಮಪುರದ ಮದುವೆ. ವರನ ಸೋದರಮಾವ ಒಬ್ಬ ಎಲ್ಲ ಫ್ರೇಮಿನಲ್ಲೂ ತಲೆ ತೂರಿಸಿದ್ದಾನೆ, ಅವನನ್ನು ತೆಗೆದರೆ ವಧುವೂ ಹೋಗುತ್ತಾಳೆ. ಕಂಪ್ಯೂಟರ್ ಬಿಸಿ, ನಾನೂ ಬಿಸಿ. ಸೇಡಂ ರಸ್ತೆಯ ಧೂಳೆಲ್ಲ ನಮ್ಮ ಸ್ಟುಡಿಯೋದೊಳಗೇ ಇದೆ.

ನಿನ್ನೆಯಿಂದ ಲೆಂಟ್, ಈಸ್ಟರ್‌ಗೆ ಮುಂಚಿನ ನಮ್ಮ ಉಪವಾಸದ ದಿನಗಳು. ಅಲ್ಲಿಯವರೆಗೆ ಚಹಾ ಬಿಟ್ಟಿದ್ದೇನೆ. ಸ್ಟುಡಿಯೋ ಮಾಲೀಕರಾದ ತನ್ವೀರ್ ಭಾಯ್‌ಗೆ ಇದು ತಮಾಷೆ. "ನಮ್ಮ ರೋಜಾನೂ ನಡದದ, ನಿಮ್ಮ ಉಪಾಸನೂ ನಡದದ. ಎದುರಿನ ಚಹಾದಂಗಡಿಯಂವಾ ಅಳಾಕತ್ತಾನ" ಎಂದರು.

ಚಹಾ ಬಿಡುವುದು ಸುಲಭ. ಫೋನ್ ಬಿಡು ಅಂದಿದ್ದರೆ ನನ್ನ ಭಕ್ತಿ ಎಷ್ಟೆಂದು ಗೊತ್ತಾಗುತ್ತಿತ್ತು. ನಮ್ಮ ಚರ್ಚ್ ಸಭೆಯ ವಿಡಿಯೋ ಚಾನೆಲ್ ನೋಡಿಕೊಳ್ಳುವವಳು ನಾನೇ. ಕಪನೂರಿನ ನಮ್ಮ ತಗಡಿನ ಹಾಲ್‌ನಲ್ಲಿ ಪಾಸ್ಟರ್ ದೌಲಪ್ಪ ಅಯ್ಯನವರು ಭಾನುವಾರ ಮಾಡುವ ಪ್ರಸಂಗವನ್ನು ಹಾಕುತ್ತೇನೆ. ನೋಡುವವರು ನಲವತ್ತು ಮಂದಿ ಇರಬಹುದು. ಅದರಲ್ಲಿ ನಮ್ಮವ್ವ ಒಬ್ಬಳೇ ಹತ್ತು ಸಲ. ಆದರೂ ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೇನೋ ದೇವರಿಗೇ ಗೊತ್ತು.

ಮಾರ್ಚ್ 9, ಭಾನುವಾರ, ಸಂಜೆ

ಕಮಲಾಪುರಕ್ಕೆ ಹೋಗಿ ಬಂದೆ. ಲೆಂಟ್ ದಿನಗಳಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ. ಈ ವಾರ ತುಳಜಾಬಾಯಿಯ ಮನೆ. ಬಾಳೆ ತೋಟದಲ್ಲಿ ಕೂಲಿ ಮಾಡುತ್ತಾಳೆ, ಗಂಡ ಇಲ್ಲ. ಮಗ ಕಪಿಲ ಕಪನೂರಿನ ದಾಲ್ ಮಿಲ್‌ನಲ್ಲಿ. ಚಾಪೆಯ ಮೇಲೆ ಒಂದಷ್ಟು ಹೆಂಗಸರು. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ರೆಕಾರ್ಡಿಂಗ್ ಹಚ್ಚಿದ್ದೆ.

ಹಾಡು ಮುಗಿದ ಮೇಲೆ ಅಯ್ಯನವರು, "ಯಾರರ ಸಾಕ್ಷಿ ಹೇಳಾವ್ರು ಅದೀರೇನು?" ಎಂದರು. ಸಾಕ್ಷಿ ಯಾವಾಗಲೂ ಒಂದೇ ಥರ — ನೌಕರಿ ಸಿಕ್ಕಿತು, ಜ್ವರ ಬಿಟ್ಟಿತು, ಕರ್ತನಿಗೆ ಸ್ತೋತ್ರ. ತುಳಜಾಬಾಯಿ ಎದ್ದು ನಿಂತಳು.

"ನನಗ ಓದಾಕ ಬರಂಗಿಲ್ರಿ. ಫೋನಿನ್ಯಾಗ ಒಬ್ಬಂವ ಮಾತು ತುಂಬಿ ಕಳಸ್ತಿದ್ದ. ಮೊದಲ್ನೇದು ತಪ್ಪಿ ಬಂತು. ಆಮ್ಯಾಲ ದಿನಾ ಬಂತು. ಎದ್ಯಾ, ಉಂಡ್ಯಾ, ತೋಟಕ್ಕ ಹೋದ್ಯಾ. ಅಷ್ಟ. ಕೆಟ್ಟದ್ದು ಒಂದು ಮಾತಾಡ್ಲಿಲ್ಲ. ಅಂವನ ಮಾರೀನೂ ನಾ ನೋಡಿಲ್ಲ. ಗಂಡ ಸತ್ತ ಮ್ಯಾಲ ಉಂಡ್ಯಾ ಅಂತ ಕೇಳಿದಂವ ಅಂವೊಬ್ಬನ. ಒಂದಿನ ನಿಂತು ಹೋತು. ಕೆಲಸ ಬಿಟ್ಟು ಫೋನ್ ನೋಡೂದು, ಉಣ್ಣೂದು ಬಿಟ್ಟು ಫೋನ್ ನೋಡೂದು. ಯೇಸಪ್ಪಾ, ಈ ಕಾಯೂದು ನನ್ನಿಂದ ತಗಿ ಅಂತ ಬೇಡ್ಕೊಂಡೆ. ತಗದ. ಒಮ್ಮೊಮ್ಮೆ ಇನ್ನೂ ಕಾಯ್ತೀನಿ. ಸುಳ್ಳ ಯಾಕ ಹೇಳ್ಲಿ."

ಆಮೇಲೆ ಒಬ್ಬೊಬ್ಬರೇ ಎದ್ದು ಅವಳ ತಲೆಯ ಮೇಲೆ ಕೈಯಿಟ್ಟರು. ನಾನೂ ಇಟ್ಟೆ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಚುರುಮುರಿ ಸುಸಲಾ ತಿಂದು, ಅವಳು ಕೊಟ್ಟ ಕೆಂಪು ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಮಾರ್ಚ್ 10, ಸೋಮವಾರ

ಏಳು ನಿಮಿಷದ ಸಾಕ್ಷಿ ಯಾರು ನೋಡುತ್ತಾರೆ? ಒಂದು ನಿಮಿಷಕ್ಕೆ ತಂದೆ. 'ಕೆಟ್ಟದ್ದು ಒಂದು ಮಾತಾಡ್ಲಿಲ್ಲ' ತೆಗೆದೆ. 'ಉಂಡ್ಯಾ' ತೆಗೆದೆ. 'ಇನ್ನೂ ಕಾಯ್ತೀನಿ' ಎನ್ನುವುದನ್ನಂತೂ ಇಡುವ ಹಾಗೇ ಇಲ್ಲ, ಬಿಡುಗಡೆ ಅಂತ ತಲೆಬರಹ ಕೊಟ್ಟ ಮೇಲೆ. "ಫೋನಿನಲ್ಲಿ ಪರಪುರುಷನ ಬಲೆ — ವಿಧವೆಗೆ ಯೇಸು ಕೊಟ್ಟ ಬಿಡುಗಡೆ." ಹಿಂದೆ ಪಿಟೀಲು. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬಾರದು.

ಅವಳನ್ನು ಕೇಳಬೇಕು ಅನ್ನಿಸಲಿಲ್ಲ. ಸಾಕ್ಷಿ ಒಮ್ಮೆ ಹೇಳಿದ ಮೇಲೆ ಅದು ಹೇಳಿದವರದಲ್ಲ, ಕರ್ತನದು. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅಯ್ಯನವರಿಗೆ ಕಳಿಸಿದೆ. 'ಆಮೆನ್, ಹಾಕವ್ವ' ಎಂದು ಬಂತು. ಹಾಕಿದೆ. ಸ್ಟೋರೇಜ್ ಫುಲ್ ಆಗಿತ್ತು, ಪೂರಾ ರೆಕಾರ್ಡಿಂಗ್ ಅಳಿಸಿದೆ.

ಮಾರ್ಚ್ 13, ಗುರುವಾರ

ವಿಡಿಯೋ ಓಡುತ್ತಿದೆ!! ಬೆಳಿಗ್ಗೆ ಸಾವಿರಗಳಲ್ಲಿತ್ತು, ಈಗ ಲಕ್ಷ ದಾಟಿದೆ. ಬಟ್ಟೆ ಹಿಂಡುತ್ತ ನೋಡಿದೆ, ರೊಟ್ಟಿ ಬಡಿಯುತ್ತ ನೋಡಿದೆ, ಫೋನಿಗೆಲ್ಲ ಹಿಟ್ಟು. ದುಬೈ, ಪುಣೆ, ಹೈದರಾಬಾದ್ — ಎಲ್ಲಿಂದಲೋ ಪ್ರಾರ್ಥನೆ ಕೇಳುತ್ತಿದ್ದಾರೆ. ಒಬ್ಬ 'ಆಂಟಿ ನಂಬರ್ ಕೊಡಿ' ಎಂದು ಬರೆದಿದ್ದ. ಅಳಿಸಿದೆ. ಮತ್ತಿಬ್ಬರು ಬರೆದರು. ಅದನ್ನೂ ಅಳಿಸಿದೆ. ಇಷ್ಟು ದೊಡ್ಡ ಹೊಳೆ ಬಂದಾಗ ಕಸ ಬಂದೇ ಬರುತ್ತದೆ.

ಮಾರ್ಚ್ 16, ಭಾನುವಾರ

ಆರಾಧನೆಯಲ್ಲಿ ಅಯ್ಯನವರು ನನ್ನ ಹೆಸರು ಹೇಳಿದರು. ಎಲ್ಲರೂ ತಿರುಗಿ ನೋಡಿದರು. ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತುಳಜಾಬಾಯಿ ಬಂದಿರಲಿಲ್ಲ. ಬಸ್ ಸಿಕ್ಕಿರಲಿಕ್ಕಿಲ್ಲ.

ಮಾರ್ಚ್ 27, ಗುರುವಾರ

ಹತ್ತು ದಿನ ಏನೂ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲು ಫೋನ್ ನೋಡಿ, ಆಮೇಲೆ ಬರೆಯೋಣ ಎಂದು...

ಇವತ್ತು ಕಪಿಲ ಸ್ಟುಡಿಯೋಗೆ ಬಂದಿದ್ದ. ಮೈಮೇಲೆಲ್ಲ ಬೇಳೆಯ ಹೊಟ್ಟು. ಕೂಗಾಡುತ್ತಾನೆ ಅಂದುಕೊಂಡೆ. ಕೂಗಾಡಲಿಲ್ಲ.

"ಅಕ್ಕಾ, ಅದನ್ನ ಮಾಡಿದ್ದು ನೀವಲ್ಲೇನ್ರಿ?"

ಹೌದು ಎಂದೆ.

"ನಮ್ಮವ್ವ ತೋಟಕ್ಕ ಹೋಗೂದು ಬಿಟ್ಟಾಳ. ಹಾದ್ಯಾಗ ಹೊಂಟ್ರ ಹುಡುಗ್ರು ಫೋನ್ ಹಚ್ಚತಾರ. ಅಕಿ ದನಿ ಅಕಿಗೇ ಕೇಳಸ್ತಾರ. ಮಿಲ್‌ನ್ಯಾಗ ನನಗೂ ಕೇಳ್ತಾರ, ಈಗ ನಿಮ್ಮಪ್ಪ ಯಾರಲೇ ಅಂತ. ತಗದ್ ಬಿಡ್ರಿ ಅಕ್ಕಾ. ಕೈ ಮುಗೀತೀನಿ."

ಖರೇನೇ ಕೈ ಮುಗಿದ. ತನ್ವೀರ್ ಭಾಯ್ ಅವನಿಗೆ ನೀರು ಕೊಟ್ಟು ಕಳಿಸಿದರು. ಆಮೇಲೆ ಹೇಳಿದರು, "ಮದ್ವಿ ಮಂದೀನ ಕೇಳ್ದ ನಾವು ಒಂದ್ ಫೋಟೋ ಹಾಕಂಗಿಲ್ಲ. ಅಕಿನ್ನ ಕೇಳಿದ್ದಿಲ್ಲೇನು ಕಾವೇರಿ?"

ಮದುವೆಯ ಫೈಲ್ ತೆರೆದು ಕೂತೆ.

ಮಾರ್ಚ್ 28, ಶುಕ್ರವಾರ

ಅಯ್ಯನವರ ಮನೆಗೆ ಹೋದೆ. ವಿಡಿಯೋ ತೆಗೆಯಲೇ ಎಂದು ಕೇಳಿದೆ. ಅವರು ಕುರ್ಚಿ ತೋರಿಸಿ ಕೂರಿಸಿದರು.

"ದುಬೈದಿಂದ ಒಬ್ಬಾಕಿ ಫೋನ್ ಮಾಡಿದ್ಲವ್ವ. ಸಾಯ್ಬೇಕಂತ ಮಾಡಿದ್ಲಂತ. ಇದನ್ನ ನೋಡಿ ಮನಸ್ಸು ತಿರುಗ್ಯಾದ. ಒಂದು ಜೀವಾ ಉಳದಿದ್ದು ಸಣ್ಣ ಮಾತೇನು? ಬಾವಿ ಕಟ್ಟಿ ಮ್ಯಾಲ ಯೇಸು ಭೆಟ್ಟಿಯಾದ ಹೆಂಗಸು ಊರಿಗೆಲ್ಲಾ ಹೋಗಿ ಹೇಳ್ಲಿಲ್ಲೇನು?"

ಅವರು ಸುಳ್ಳು ಹೇಳುವವರಲ್ಲ. ಹೇಳುತ್ತ ಅತ್ತರು ಕೂಡ. ನನಗೆ ಉತ್ತರ ಹೊಳೆದದ್ದು ಮನೆಗೆ ಬರುವ ಆಟೋದಲ್ಲಿ, ನನ್ನ ಹಣೆಬರಹ. ಆ ಹೆಂಗಸು ತಾನಾಗಿ ಹೋಗಿ ಹೇಳಿದಳು. ಬಾವಿಯ ಹತ್ತಿರ ಯೇಸು ಅವಳ ಐವರು ಗಂಡಂದಿರ ಗುಟ್ಟು ಎತ್ತಿದಾಗ ಶಿಷ್ಯರು ಕೂಡ ಇರಲಿಲ್ಲ, ಊಟ ತರಲು ಹೋಗಿದ್ದರು. ಅಷ್ಟು ಮರ್ಯಾದೆ ಕೊಟ್ಟು ಮಾತನಾಡಿದ. ಮನುಷ್ಯರೆಲ್ಲ ದೇವರ ಸ್ವರೂಪ ಎಂದು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದವಳು ನಾನು. ಸ್ವರೂಪಕ್ಕೆ ಪಿಟೀಲು ಹಚ್ಚಿ ಒಂದು ನಿಮಿಷಕ್ಕೆ ಇಳಿಸಿದವಳೂ ನಾನೇ.

ಮಾರ್ಚ್ 30, ಭಾನುವಾರ

ಡಿಲೀಟ್ ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಕ್ಯಾನ್ಸಲ್ ಒತ್ತಿದೆ.

ದುಬೈ ಹೆಂಗಸಿಗಾಗಿ ಅಲ್ಲ. ಇಲ್ಲಿಯಾದರೂ ಖರೇ ಬರೆಯಬೇಕು. ಆ ಅಂಕಿ ಸೊನ್ನೆಯಾಗುವುದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಏಪ್ರಿಲ್ 2, ಬುಧವಾರ

ತೆಗೆದೆ. ಅಯ್ಯನವರನ್ನು ಕೇಳಲಿಲ್ಲ. ಆಮೇಲೆ ಇಡೀ ದಿನ ಏನೋ ಕಳೆದುಹೋದ ಹಾಗೆ. ಫೋನ್ ತೆಗೆಯುತ್ತೇನೆ, ನೋಡಲು ಏನೂ ಇಲ್ಲ, ಇಡುತ್ತೇನೆ, ಮತ್ತೆ ತೆಗೆಯುತ್ತೇನೆ. ಹುಚ್ಚಿ.

ಸಂಜೆ ಬೇರೆ ಯಾವುದೋ ಪೇಜಿನಲ್ಲಿ ಅದೇ ವಿಡಿಯೋ ಕಂಡಿತು. ನನ್ನ ಪಿಟೀಲು, ನನ್ನ ತಲೆಬರಹ. ಅಲ್ಲಿ ಓಡುತ್ತಿದೆ. ಒಡೆದ ಕೊಡಕ್ಕೆ ಈಗ ಕೈ ಅಡ್ಡ ಹಿಡಿದು ಏನು ಮಾಡಲಿ?

ಏಪ್ರಿಲ್ 6, ಭಾನುವಾರ, ಸಂಜೆ

ಕಮಲಾಪುರ. ಬಿಸಿಲು ಬೆಂಕಿ. ತುಳಜಾಬಾಯಿ ಮನೆಯೊಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೂತೆ.

"ತಪ್ಪಾತು ಯವ್ವಾ. ತಗದೀನಿ."

"ಅದನ್ನ ತಗದಿ. ಮದಲ ತಗದಿದ್ದು? ಅಂವ ಕೆಟ್ಟಂವಲ್ಲ ಅಂದಿದ್ದೆ. ಉಂಡ್ಯಾ ಅಂತ ಕೇಳ್ತಿದ್ದ ಅಂದಿದ್ದೆ. ಅದೆಲ್ಲಿ ಹೋತು? ಮಂದಿ ಅಂವಗ ಶಾಪಾ ಹಾಕತಾರ, ನನ್ನ ನೋಡಿ ನಗತಾರ. ಇನ್ನೂ ಕಾಯ್ತೀನಿ ಅಂತ ದೇವ್ರ ಮುಂದ ಖರೇ ಹೇಳಿದ್ದೆ, ಅದನ್ನೂ ಸುಳ್ಳ ಮಾಡಿದಿ. ಪೂರಾ ಇದ್ದದ್ದು ಹಾಕು."

ಪೂರಾ ಇದ್ದದ್ದನ್ನು ಅಳಿಸಿದ್ದೇನೆ ಎಂದೆ. ಮೊರ ಕೆಳಗಿಟ್ಟಳು. ಏನೋ ಹೇಳಲು ಶುರುಮಾಡಿದಳು. ಆಗ ಚೀಲದಲ್ಲಿ ನನ್ನ ಫೋನ್ ಗುರ್ ಎಂದಿತು. ಕೈ ತಾನಾಗಿಯೇ ಹೋಯಿತು. ಅವಳ ಎದುರಿಗೇ, ಅವಳ ಮಾತು ಅರ್ಧ ಇರುವಾಗಲೇ, ತೆಗೆದು ನೋಡಿದೆ. ರೀಚಾರ್ಜ್ ಆಫರ್.

ತಲೆಯೆತ್ತಿದರೆ ಅವಳು ನಗುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೋಡ್ಕೊ ನೋಡ್ಕೊ. ತಡಕೊಳ್ಳಾಕ ಆಗಂಗಿಲ್ಲ, ನನಗ ಗೊತ್ತದ. ಯಾರ ಹಾದಿ ಕಾಯ್ತೀ ಮಗಾ?"

"ಯಾರದೂ ಇಲ್ಲ ಯವ್ವಾ."

"ನನಗರ ಒಬ್ಬಂವ ಇದ್ದ" ಎಂದಳು.

ಅತ್ತುಬಿಟ್ಟೆ. ಅವಳು ಮೊರ ಎತ್ತಿಕೊಂಡು ಜೋಳ ಕೇರತೊಡಗಿದಳು. ಕೇರುತ್ತಲೇ ಕೇಳಿದಳು, ಗುಡ್ ಫ್ರೈಡೆ ದಿನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತು ಯಾರ್ಯಾರಿಗೆ ಹಂಚಿದ್ದಾರೆ ಎಂದು. ಪ್ರತಿ ವರ್ಷ ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಮಾತನಾಡುವುದು ನಮ್ಮ ಸಭೆಯ ಪದ್ಧತಿ.

"'ನನಗ ನೀರಡಿಕಿ ಆಗ್ಯಾದ' ಅನ್ನೂ ಮಾತು ಯಾರಿಗೆ ಕೊಟ್ಟಾರ?"

"ನನಗ."

"ನನಗ ಕೊಡು. ನಾನ ಹೇಳ್ತೀನಿ, ಪೂರಾ ಹೇಳ್ತೀನಿ. ನೀ ಫೋನ್ ಗೀನ್ ಏನೂ ತರಬ್ಯಾಡ."

ಏಪ್ರಿಲ್ 12, ಶನಿವಾರ

ಅಯ್ಯನವರ ಜೊತೆ ವಾರವಿಡೀ ಜಗಳ. ವಿಡಿಯೋ ತೆಗೆದದ್ದಕ್ಕೆ ಬೇಸರ. ತುಳಜಾಬಾಯಿ ಮಾತಾಡುತ್ತಾಳೆ ಅಂದರೆ ಹೆದರಿಕೆ. "ಮತ್ತ ಅಕಿಗೆ ಮಂದಿ ನಕ್ರ?" ಎಂದರು. ಈಗ ನಗುತ್ತಿರುವವರು ಅವಳ ಮಾತು ಪೂರಾ ಕೇಳಿಯೇ ಇಲ್ಲವಲ್ಲ, ಎಂದೆ. ಇಷ್ಟು ಗಟ್ಟಿಯಾಗಿ ಅವರ ಎದುರು ಎಂದೂ ಮಾತಾಡಿರಲಿಲ್ಲ. ಇವತ್ತು ಫೋನ್ ಮಾಡಿ, "ಆಗ್ಲವ್ವ, ಹೇಳ್ಲಿ" ಎಂದರು. ಅಷ್ಟೇ.

ಏಪ್ರಿಲ್ 18, ಗುಡ್ ಫ್ರೈಡೆ, ಸಂಜೆ

ಹಾಲ್ ತುಂಬಿತ್ತು. ತಗಡು ಕಾದು ಎಲ್ಲರೂ ಬೆವರುತ್ತಿದ್ದರು. ಟ್ರೈಪಾಡನ್ನು ಅಯ್ಯನವರೇ ಮಡಚಿ ಒಳಗಿಟ್ಟು ಬಂದರು, ನನಗೆ ಹೇಳಲೂ ಇಲ್ಲ. ಕಪಿಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅವನು ಆರಾಧನೆಗೆ ಬರುವವನಲ್ಲ, ಕಾವಲಿಗೆ ಬಂದಂತಿತ್ತು.

ನಾಲ್ಕನೇ ಮಾತು ಮುಗಿಯಿತು. ಅಯ್ಯನವರು, "ಐದನೇ ಮಾತು, ನೀರಡಿಕಿ. ತುಳಜಾಬಾಯಿ" ಎಂದರು. ಹಿಂದಿನಿಂದ ಯಾರೋ ಒಬ್ಬಳು ಫೋನ್ ಎತ್ತಿದಳು. ಹೋಗಿ ಅವಳ ಪಕ್ಕ ಕೂತೆ. ನನ್ನ ಮುಖ ನೋಡಿ ಇಳಿಸಿದಳು. ಅದು ಇಳಿಯುವವರೆಗೂ ತುಳಜಾಬಾಯಿ ಬಾಯಿ ತೆರೆಯದೆ ನಿಂತಿದ್ದಳು.

ಬಹಳ ಹೊತ್ತು ಮಾತಾಡಿದಳು. ಕೆಲವರು ತಲೆ ತಗ್ಗಿಸಿದರು, ಕೆಲವರು ಅವಳನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಡುವೆ ಎಲ್ಲೋ ಕಪಿಲ ಒಳಗೆ ಬಂದು ಹೆಂಗಸರ ಸಾಲಿನ ಹಿಂದೆ ಕೂತ. ಅವಳು ಮುಗಿಸಿದಾಗ ಅಯ್ಯನವರು ಆರನೇ ಮಾತಿಗೆ ಯಾರನ್ನೂ ಕರೆಯಲಿಲ್ಲ. ನೀರು ತರಿಸಿ ಮೊದಲು ಅವಳಿಗೆ ಕೊಟ್ಟರು.

ಮರೆಯುವ ಮೊದಲು ಎಲ್ಲವನ್ನೂ ಬರೆದಿಡಬೇಕೆಂದು ಬಂದ ಕೂಡಲೇ ಕೂತಿದ್ದೇನೆ. ಈ ಸಲ ಒಂದಕ್ಷರವೂ ಬಿಡದೆ. ಪ್ರತಿ ಮಾತೂ ಕಿವಿಯಲ್ಲಿದೆ. ಎದ್ದು ನಿಂತು ಅವಳು ಮೊದಲು ಹೇಳಿದ್ದು —

ಇಲ್ಲ. ಇದನ್ನು ಬರೆದಿಡಲೂ ನಾನು ಅವಳನ್ನು ಕೇಳಿಲ್ಲ.